ಖಾಲಿದಾ ಅದೀಬ್: ಸುಧಾರಣೆಯನ್ನು ಬಯಸಿದರು, ಸರ್ವಾಧಿಕಾರವನ್ನು ಒಪ್ಪಲಿಲ್ಲ

ತುರ್ಕಿಯ ಸಮಾಜ ಸುಧಾರಣೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದೇ ಹೆಸರು ಕೇಳಿಬರುತ್ತದೆ. ಅದು ಮುಸ್ತಫಾ ಕಮಾಲ್ ಪಾಷಾ ಅವರದು. ಅವರನ್ನು ಹೊಗಳುವವರೂ ಇದ್ದಾರೆ, ತೆಗಳುವವರೂ ಇದ್ದಾರೆ. ಹೊಗಳುವವರು ಅವರು ತಂದ ಸುಧಾರಣೆಗಳನ್ನು ಎಣಿಸಿ ಹೇಳುತ್ತಾರೆ. ತೆಗಳುವವರು ಅವುಗಳನ್ನು ತಂದ ರೀತಿಯನ್ನು ಎತ್ತಿ ತೋರಿಸುತ್ತಾರೆ. ಈ ಎರಡು ಗುಂಪುಗಳ ಗದ್ದಲದಲ್ಲಿ ಒಬ್ಬ ಮಹಿಳೆಯ ಹೆಸರು ಮರೆತೇ ಹೋಗಿದೆ. ಕಮಾಲ್ ಪಾಷಾ ಅವರ ಜೊತೆ ಯುದ್ಧಭೂಮಿಯಲ್ಲಿ ನಿಂತವರು, ಅವರೊಂದಿಗೇ ಮರಣದಂಡನೆಯ ತೀರ್ಪಿಗೆ ಗುರಿಯಾದವರು, ಹೆಣ್ಣು ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಕಮಾಲ್ ಪಾಷಾ ಅಧಿಕಾರಕ್ಕೆ ಬರುವ ಎಷ್ಟೋ ವರ್ಷಗಳ ಮೊದಲೇ ದುಡಿದವರು; ಕೊನೆಗೆ ಅದೇ ಸರಕಾರದ ಕಾಲದಲ್ಲಿ ಹದಿಮೂರು ವರ್ಷಗಳಷ್ಟು ದೀರ್ಘ ಕಾಲ ತಾಯ್ನಾಡಿನಿಂದ ದೂರ ಬದುಕಿದವರು. ತುರ್ಕಿಯಲ್ಲಿ ಹಾಲಿದೆ ಎದಿಪ್ ಎಂದೂ ನಮ್ಮ ದೇಶದ ಮುಸ್ಲಿಮರ ನಡುವೆ ಖಾಲಿದಾ ಅದೀಬ್ ಖಾನಂ ಎಂದೂ ಹೆಸರಾದ ಆ ಮಹಿಳೆಯ ಜೀವನವನ್ನು ಸಂಕ್ಷಿಪ್ತವಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಖಾಲಿದಾ ಅವರು 1884ರಲ್ಲಿ ಇಸ್ತಾಂಬುಲ್ ನಗರದಲ್ಲಿ ಜನಿಸಿದರು. ಆಗ ಅದು ಉಸ್ಮಾನಿಯಾ ಸಾಮ್ರಾಜ್ಯದ ರಾಜಧಾನಿ. ತಂದೆ ಅದೀಬ್ ಬೇ ಅವರು ಸುಲ್ತಾನ್ ಎರಡನೇ ಅಬ್ದುಲ್ ಹಮೀದರ ಅರಮನೆಯಲ್ಲಿ ಕಾರ್ಯದರ್ಶಿಯಾಗಿದ್ದರು. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡರು. ಮಗುವನ್ನು ಸಾಕಿದ್ದು ಅಜ್ಜಿ. ಹೀಗೆ ಬಾಲಕಿ ಎರಡು ಲೋಕಗಳ ನಡುವೆ ಬೆಳೆದಳು. ಅಜ್ಜಿಯ ಮನೆಯಲ್ಲಿ ಕುರ್‌ಆನ್ ಪಾರಾಯಣ, ನಮಾಝ್, ರಮಝಾನಿನ ರಾತ್ರಿಗಳು, ಹಳೆಯ ಕಥೆಗಳು. ತಂದೆಗೋ ಇಂಗ್ಲಿಷರ ಶಿಸ್ತಿನ ಮೇಲೆ ಮೋಹ. ಮಗಳ ಊಟ, ಉಡುಪು ಎಲ್ಲವೂ ಅದೇ ರೀತಿ ಇರಬೇಕೆಂಬ ಹಟ.

ತಂದೆ ಮಗಳನ್ನು ಉಸ್ಕುದಾರ್‌ನ ಅಮೆರಿಕನ್ ಹೆಣ್ಣು ಮಕ್ಕಳ ಕಾಲೇಜಿಗೆ ಸೇರಿಸಿದರು. ಮುಸ್ಲಿಂ ಮಕ್ಕಳು ಕ್ರೈಸ್ತ ಸಂಸ್ಥೆಗಳಲ್ಲಿ ಓದುವುದನ್ನು ಸುಲ್ತಾನರ ಆಡಳಿತ ಸಹಿಸುತ್ತಿರಲಿಲ್ಲ. ಆದ್ದರಿಂದ ಸ್ವಲ್ಪ ಕಾಲದಲ್ಲೇ ಬಾಲಕಿ ಶಾಲೆ ಬಿಡಬೇಕಾಯಿತು. ಆದರೆ ಓದು ನಿಲ್ಲಲಿಲ್ಲ. ಮನೆಗೇ ಶಿಕ್ಷಕರು ಬಂದರು. ಕೆಲವು ವರ್ಷಗಳ ಬಳಿಕ ಮತ್ತೆ ಅದೇ ಕಾಲೇಜಿಗೆ ಸೇರಿ 1901ರಲ್ಲಿ ಪದವಿ ಪಡೆದರು. ಆ ಕಾಲೇಜಿನಿಂದ ಪದವಿ ಪಡೆದ ಮೊದಮೊದಲ ತುರ್ಕಿ ಮುಸ್ಲಿಂ ಮಹಿಳೆಯರಲ್ಲಿ ಅವರೂ ಒಬ್ಬರು.

ಅದೇ ವರ್ಷ, ತಮಗೆ ಪಾಠ ಹೇಳಿದ್ದ ಪ್ರಸಿದ್ಧ ಗಣಿತಜ್ಞ ಸಾಲಿಹ್ ಝಕಿ ಅವರನ್ನು ಮದುವೆಯಾದರು. ಇಬ್ಬರು ಗಂಡು ಮಕ್ಕಳು ಹುಟ್ಟಿದರು. 1910ರಲ್ಲಿ ಪತಿ ಎರಡನೇ ಮದುವೆಗೆ ಮುಂದಾದಾಗ ಖಾಲಿದಾ ವಿಚ್ಛೇದನ ಪಡೆದು ಮಕ್ಕಳೊಂದಿಗೆ ಹೊರನಡೆದರು. ತಂದೆಯ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಹೆಂಡತಿಯರಿದ್ದು, ಅದರಿಂದಾದ ನೋವನ್ನು ಅವರು ಮಗುವಾಗಿದ್ದಾಗಲೇ ಕಂಡಿದ್ದರು. ತಮ್ಮ ಮಕ್ಕಳಿಗೆ ಅದು ಬೇಡವೆಂದು ತೀರ್ಮಾನಿಸಿದರು. ಈ ಘಟನೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಮತ್ತೆ ಬರುತ್ತದೆ.

ಲೇಖನಿ ಮತ್ತು ಶಾಲೆ

1908ರಲ್ಲಿ ಯುವ ತುರ್ಕರ ಕ್ರಾಂತಿ ನಡೆಯಿತು. ಸುಲ್ತಾನರು ಮೂವತ್ತು ವರ್ಷಗಳಿಂದ ಬದಿಗಿಟ್ಟಿದ್ದ ಸಂವಿಧಾನ ಮತ್ತೆ ಜಾರಿಗೆ ಬಂತು. ಪತ್ರಿಕೆಗಳಿಗೆ ಬಾಯಿ ಬಂತು. ಖಾಲಿದಾ ಅವರು ‘ತನೀನ್’ ಪತ್ರಿಕೆಯಲ್ಲಿ ಹೆಣ್ಣು ಮಕ್ಕಳ ಶಿಕ್ಷಣದ ಬಗ್ಗೆ, ಕುಟುಂಬ ಜೀವನದ ಬಗ್ಗೆ ಬರೆಯತೊಡಗಿದರು. ಮೆಚ್ಚುಗೆಯ ಪತ್ರಗಳ ಜೊತೆಗೆ ಬೆದರಿಕೆಯ ಪತ್ರಗಳೂ ಬಂದವು. 1909ರಲ್ಲಿ ಕ್ರಾಂತಿಯ ವಿರುದ್ಧ ದಂಗೆ ಎದ್ದಾಗ ಪ್ರಾಣಭಯದಿಂದ ಮಕ್ಕಳೊಂದಿಗೆ ಈಜಿಪ್ಟಿಗೆ ಹೋಗಬೇಕಾಯಿತು. ಅಲ್ಲಿಂದ ಇಂಗ್ಲೆಂಡಿಗೂ ಹೋಗಿ ಬಂದರು. ಅದೇ ವರ್ಷ ಅದನಾ ಪ್ರದೇಶದಲ್ಲಿ ಆರ್ಮೇನಿಯನ್ ಕ್ರೈಸ್ತರ ಹತ್ಯಾಕಾಂಡ ನಡೆದಾಗ, ತಮ್ಮ ಜನರ ಕೈಯಿಂದಲೇ ನಡೆದ ಆ ಕೃತ್ಯಕ್ಕೆ ಮರುಗಿ ಬಹಿರಂಗವಾಗಿ ಬರೆದ ಕೆಲವೇ ಲೇಖಕರಲ್ಲಿ ಅವರೂ ಒಬ್ಬರು.

ಬರೆದು ಸುಮ್ಮನೆ ಕೂರುವ ಸ್ವಭಾವ ಅವರದಾಗಿರಲಿಲ್ಲ. ಮಹಿಳೆಯರ ಏಳಿಗೆಗಾಗಿ ಒಂದು ಸಂಘವನ್ನು ಕಟ್ಟಿದರು. ಅದರ ಸದಸ್ಯೆಯರು ಭಾಷೆಗಳನ್ನು ಕಲಿತರು, ಉಪನ್ಯಾಸ ಏರ್ಪಡಿಸಿದರು. ಬಾಲ್ಕನ್ ಯುದ್ಧದ ಕಾಲದಲ್ಲಿ, ಅಂದರೆ 1912-13ರಲ್ಲಿ, ಗಾಯಾಳುಗಳ ಶುಶ್ರೂಷೆಗೆ ಮುಂದಾದರು. ಶಿಕ್ಷಕಿಯರ ತರಬೇತಿ ಶಾಲೆಯಲ್ಲಿ ಪಾಠ ಮಾಡಿದರು. ನಂತರ ವಕ್ಫ್ ಇಲಾಖೆಯ ಹೆಣ್ಣು ಮಕ್ಕಳ ಶಾಲೆಗಳ ಸುಧಾರಣೆಯ ಹೊಣೆ ಹೊತ್ತು, ಇಸ್ತಾಂಬುಲಿನ ಬಡ ಮೊಹಲ್ಲಾಗಳಲ್ಲಿ ತಿರುಗಾಡಿದರು. ಜನಸಾಮಾನ್ಯರ ಬದುಕನ್ನು ಹತ್ತಿರದಿಂದ ನೋಡಿದ್ದು ಆಗಲೇ. ಮೇಲಿನಿಂದ ಹುಕುಂ ಹೊರಡಿಸಿದರೆ ಜನ ಬದಲಾಗುವುದಿಲ್ಲ, ಮಗುವಿನ ತಾಯಿಗೆ ವಿಷಯ ಮನವರಿಕೆಯಾದರೆ ಮಾತ್ರ ಮಗು ಶಾಲೆಗೆ ಬರುತ್ತದೆ ಎಂಬ ಅನುಭವ ಯಾರಿಗಾದರೂ ಸಿಗುವುದು ಇಂತಹ ಓಣಿಗಳಲ್ಲೇ.

ಅವರ ಜೀವನದಲ್ಲಿ ಒಂದು ಕಪ್ಪು ಚುಕ್ಕೆಯೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಸಿರಿಯಾ ಪ್ರಾಂತದ ಆಡಳಿತ ಜಮಾಲ್ ಪಾಷಾ ಅವರ ಕೈಯಲ್ಲಿತ್ತು. ಅವರ ಆಹ್ವಾನದ ಮೇರೆಗೆ ಖಾಲಿದಾ ಅಲ್ಲಿಗೆ ಹೋಗಿ ಶಾಲೆಗಳನ್ನು ಸಂಘಟಿಸಿದರು. ಲೆಬನಾನಿನ ಐನ್ ತೂರಾ ಎಂಬಲ್ಲಿನ ಅನಾಥಾಲಯದ ಹೊಣೆಯೂ ಅವರ ಮೇಲೆ ಬಿತ್ತು. ಅಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ನೂರಾರು ಆರ್ಮೇನಿಯನ್ ಮಕ್ಕಳಿದ್ದರು. ಆ ಮಕ್ಕಳ ಹೆಸರು ಬದಲಿಸಿ ಮುಸ್ಲಿಂ ಹೆಸರುಗಳನ್ನು ಇಡಲಾಗಿತ್ತು. ಅದನ್ನು ತಾವು ಆಕ್ಷೇಪಿಸಿದ್ದಾಗಿ ಖಾಲಿದಾ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆದರೂ ಅವರು ಆ ಸಂಸ್ಥೆಯನ್ನು ನಡೆಸಿದರು ಎಂಬುದು ಸತ್ಯ. ಬಲಾತ್ಕಾರದಿಂದ ಮಗುವಿನ ಹೆಸರನ್ನೂ ಗುರುತನ್ನೂ ಕಿತ್ತುಕೊಳ್ಳುವುದು ಯಾವ ಧರ್ಮಕ್ಕೂ ಒಪ್ಪುವ ಮಾತಲ್ಲ. ದೊಡ್ಡವರ ತಪ್ಪನ್ನು ತಪ್ಪೆಂದು ಹೇಳುವುದರಿಂದ ಅವರ ಉಳಿದ ಸೇವೆಗೆ ಕುಂದು ಬರುವುದಿಲ್ಲ.

1917ರಲ್ಲಿ ಅವರು ಡಾ. ಅದ್ನಾನ್ ಅವರನ್ನು ಮದುವೆಯಾದರು. ವೈದ್ಯರೂ ವಿದ್ವಾಂಸರೂ ಆಗಿದ್ದ ಅದ್ನಾನ್ ಕೊನೆಯವರೆಗೂ ಅವರ ಸಹಯಾತ್ರಿಯಾದರು.

ಮೈದಾನದಿಂದ ಯುದ್ಧಭೂಮಿಗೆ

ಮಹಾಯುದ್ಧದಲ್ಲಿ ಉಸ್ಮಾನಿಯಾ ಸಾಮ್ರಾಜ್ಯ ಸೋತಿತು. 1919ರ ಮೇ 15ರಂದು ಗ್ರೀಕ್ ಸೇನೆ ಇಝ್ಮೀರ್ ಬಂದರಿನಲ್ಲಿ ಇಳಿಯಿತು. ಇದನ್ನು ಪ್ರತಿಭಟಿಸಿ ಇಸ್ತಾಂಬುಲಿನ ಸುಲ್ತಾನ್ ಅಹ್ಮದ್ ಮಸೀದಿಯ ಮುಂದಿನ ಮೈದಾನದಲ್ಲಿ ಭಾರೀ ಜನಸ್ತೋಮ ಸೇರಿತು. ಕಪ್ಪು ಉಡುಪಿನ ಖಾಲಿದಾ ವೇದಿಕೆ ಏರಿ ಮಾತನಾಡಿದರು. ಆಕ್ರಮಣ ಮಾಡಿದ ಸರಕಾರಗಳು ನಮ್ಮ ಶತ್ರುಗಳೇ ಹೊರತು ಆ ದೇಶಗಳ ಜನರಲ್ಲ ಎಂದು ಸಾರಿದರು. ಮುಸ್ಲಿಂ ಮಹಿಳೆಯೊಬ್ಬರು ಅಷ್ಟು ದೊಡ್ಡ ಬಹಿರಂಗ ಸಭೆಯಲ್ಲಿ ಮಾತನಾಡಿದ್ದು ಆ ಕಾಲಕ್ಕೆ ಅಸಾಮಾನ್ಯ ಸಂಗತಿ. ಆ ಭಾಷಣ ಅವರನ್ನು ದೇಶದ ಮನೆಮಾತಾಗಿಸಿತು.

1920ರ ಮಾರ್ಚ್ 16ರಂದು ಮಿತ್ರರಾಷ್ಟ್ರಗಳ ಸೇನೆ ಇಸ್ತಾಂಬುಲನ್ನು ವಿಧಿವತ್ತಾಗಿ ಆಕ್ರಮಿಸಿಕೊಂಡಿತು. ಬಂಧನ ಖಚಿತವೆಂದು ತಿಳಿದ ಖಾಲಿದಾ ಮತ್ತು ಅದ್ನಾನ್ ವೇಷ ಮರೆಸಿಕೊಂಡು, ಉಸ್ಕುದಾರ್‌ನ ಒಂದು ಸೂಫಿ ಖಾನ್‌ಖಾದಲ್ಲಿ ಅಡಗಿದ್ದು, ಅಲ್ಲಿಂದ ಕುದುರೆ, ಗಾಡಿ, ರೈಲುಗಳಲ್ಲಿ ಅಂಕಾರಾ ಸೇರಿದರು. ಅಲ್ಲಿ ಮುಸ್ತಫಾ ಕಮಾಲ್ ಪಾಷಾ ಪ್ರತಿರೋಧದ ಕೇಂದ್ರವನ್ನು ಕಟ್ಟುತ್ತಿದ್ದರು. ದಾರಿಯಲ್ಲೇ ಪತ್ರಕರ್ತ ಯೂನುಸ್ ನಾದಿ ಅವರೊಂದಿಗೆ ಚರ್ಚಿಸಿ ಒಂದು ಸುದ್ದಿಸಂಸ್ಥೆಯ ಯೋಜನೆ ಹಾಕಿದರು. 1920ರ ಏಪ್ರಿಲ್ 6ರಂದು ಹುಟ್ಟಿದ ಆ ಅನಾದೋಲು ಸುದ್ದಿಸಂಸ್ಥೆ ಇಂದಿಗೂ ಇದೆ. ಅದೇ ಮೇ ತಿಂಗಳಲ್ಲಿ ಇಸ್ತಾಂಬುಲಿನ ಸೇನಾ ನ್ಯಾಯಾಲಯ ಕಮಾಲ್ ಪಾಷಾ ಮತ್ತು ಅವರ ಸಂಗಡಿಗರಿಗೆ ಮರಣದಂಡನೆ ವಿಧಿಸಿತು. ಆ ಪಟ್ಟಿಯಲ್ಲಿ ಖಾಲಿದಾ ಅವರ ಹೆಸರೂ ಇತ್ತು.

ಅಂಕಾರಾದಲ್ಲಿ ಅವರು ವಿದೇಶಿ ಪತ್ರಿಕೆಗಳನ್ನು ಅನುವಾದಿಸಿದರು, ಪತ್ರವ್ಯವಹಾರ ನೋಡಿಕೊಂಡರು, ಎಸ್ಕಿಶೆಹಿರ್‌ನ ಆಸ್ಪತ್ರೆಯಲ್ಲಿ ದಾದಿಯಾದರು. 1921ರಲ್ಲಿ ಸೇನೆಗೇ ಸೇರಿದರು. ಸಕಾರ್ಯಾ ನದಿಯ ದಂಡೆಯಲ್ಲಿ ನಡೆದ ನಿರ್ಣಾಯಕ ಯುದ್ಧದ ಕಾಲದಲ್ಲಿ ಅವರು ಸೇನಾ ಕೇಂದ್ರದಲ್ಲಿದ್ದರು. ಅವರಿಗೆ ಸಿಕ್ಕಿದ ಹುದ್ದೆ ‘ಒನ್‌ಬಾಶಿ’, ಅಂದರೆ ಕಾರ್ಪೊರಲ್. ಆ ಅನುಭವದಿಂದ ಹುಟ್ಟಿದ ‘ಬೆಂಕಿಯ ಅಂಗಿ’ ಎಂಬ ಅರ್ಥದ ಹೆಸರುಳ್ಳ ಕಾದಂಬರಿ 1922ರಲ್ಲಿ ಪ್ರಕಟವಾಯಿತು.

ದಾರಿ ಬೇರೆಯಾಯಿತು

1923ರ ಅಕ್ಟೋಬರ್ 29ರಂದು ಗಣರಾಜ್ಯ ಘೋಷಣೆಯಾಯಿತು. 1924ರ ಮಾರ್ಚ್ 3ರಂದು ಖಿಲಾಫತ್ ರದ್ದಾಯಿತು. ಅದೇ ದಿನ ದೇಶದ ಎಲ್ಲ ಶಿಕ್ಷಣವನ್ನೂ ಒಂದೇ ಇಲಾಖೆಯಡಿ ತರುವ ಕಾಯಿದೆಯೂ ಬಂತು. ಸ್ವಾತಂತ್ರ್ಯ ಯುದ್ಧದ ಹಲವು ಮುಂದಾಳುಗಳಿಗೆ ಆತಂಕವಾದದ್ದು ಸುಧಾರಣೆಯ ವಿಷಯದಲ್ಲಲ್ಲ. ಅಧಿಕಾರವೆಲ್ಲ ಒಬ್ಬರ ಕೈಯಲ್ಲಿ ಸೇರುತ್ತಿದ್ದ ವಿಷಯದಲ್ಲಿ. ಕಾಝಿಮ್ ಕರಬೆಕಿರ್ ಮುಂತಾದ ಸೇನಾನಿಗಳು ಸೇರಿ 1924ರ ನವೆಂಬರಿನಲ್ಲಿ ಪ್ರಗತಿಪರ ಗಣರಾಜ್ಯ ಪಕ್ಷವನ್ನು ಸ್ಥಾಪಿಸಿದರು. ಡಾ. ಅದ್ನಾನ್ ಅದರ ಸ್ಥಾಪಕರಲ್ಲೊಬ್ಬರು. ಜನರ ಧಾರ್ಮಿಕ ನಂಬಿಕೆಗಳನ್ನು ಗೌರವಿಸುವುದಾಗಿ ಆ ಪಕ್ಷ ತನ್ನ ಕಾರ್ಯಕ್ರಮದಲ್ಲಿ ಬರೆದುಕೊಂಡಿತ್ತು.

1925ರಲ್ಲಿ ಪೂರ್ವ ಪ್ರಾಂತಗಳಲ್ಲಿ ಶೇಖ್ ಸಯೀದ್ ಅವರ ನೇತೃತ್ವದಲ್ಲಿ ಬಂಡಾಯವೆದ್ದಿತು. ಸರಕಾರ ಶಾಂತಿ ಪಾಲನೆಯ ಹೆಸರಿನಲ್ಲಿ ಕಠಿಣ ಕಾಯಿದೆಯೊಂದನ್ನು ತಂದಿತು. ಪತ್ರಿಕೆಗಳು ಮುಚ್ಚಿದವು. ವಿಶೇಷ ನ್ಯಾಯಮಂಡಳಿಗಳು ಗಲ್ಲು ಶಿಕ್ಷೆ ವಿಧಿಸಿದವು. ಜೂನ್ ತಿಂಗಳಲ್ಲಿ ಹೊಸ ಪಕ್ಷವನ್ನೂ ಮುಚ್ಚಿಸಲಾಯಿತು. ಅದರ ಆಯುಷ್ಯ ಏಳೇ ತಿಂಗಳು. ಖಾಲಿದಾ ದಂಪತಿ ದೇಶ ಬಿಟ್ಟು ಯುರೋಪಿಗೆ ಹೋದರು. 1926ರಲ್ಲಿ ಕಮಾಲ್ ಪಾಷಾ ಅವರ ಹತ್ಯೆಯ ಸಂಚೊಂದು ಇಝ್ಮೀರ್‌ನಲ್ಲಿ ಬಯಲಾದಾಗ, ದೂರದಲ್ಲಿದ್ದ ಅದ್ನಾನ್ ಅವರ ಮೇಲೂ ಮೊಕದ್ದಮೆ ಹೂಡಲಾಯಿತು. ಅವರು ನಿರ್ದೋಷಿ ಎಂದು ತೀರ್ಪಾಯಿತು. ಆದರೆ ಹಲವು ಹಳೆಯ ಸಂಗಡಿಗರು ಗಲ್ಲಿಗೇರಿದ್ದರು. ಆ ವಾತಾವರಣದಲ್ಲಿ ಮರಳಿ ಬರುವುದಾದರೂ ಹೇಗೆ?

1927ರಲ್ಲಿ ಕಮಾಲ್ ಪಾಷಾ ಆರು ದಿನಗಳ ಕಾಲ, ಒಟ್ಟು 36 ಗಂಟೆಗಳಿಗೂ ಮಿಕ್ಕಿದ ಒಂದು ಭಾಷಣದಲ್ಲಿ ಹೋರಾಟದ ಇತಿಹಾಸವನ್ನು ಹೇಳಿದರು. 1919ರಲ್ಲಿ ಖಾಲಿದಾ ಅವರು ತುರ್ಕಿ ತಾತ್ಕಾಲಿಕವಾಗಿ ಅಮೆರಿಕದ ಆಶ್ರಯ ಪಡೆಯುವುದು ಮೇಲೆಂದು ಬರೆದಿದ್ದ ಪತ್ರವನ್ನು ಆ ಭಾಷಣದಲ್ಲಿ ಹೊರತೆಗೆದರು. ಆ ಪತ್ರ ನಿಜವಾದದ್ದೇ, ಆ ಅಭಿಪ್ರಾಯ ತಪ್ಪಾಗಿದ್ದುದೂ ನಿಜ. ಆದರೆ ಅದರ ನಂತರದ ಸೇವೆ ಆ ಪತ್ರದ ನೆರಳಿಗೆ ಸರಿಯಿತು. ಖಾಲಿದಾ 1928ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಆತ್ಮಕಥೆಯ ಎರಡನೇ ಸಂಪುಟದಲ್ಲಿ ಹೋರಾಟದ ಕಥೆಯನ್ನು ತಮ್ಮ ಕಣ್ಣಿನಿಂದ ಬರೆದರು. ಅದರಲ್ಲಿ ಒಬ್ಬ ನಾಯಕ ಮಾತ್ರವಲ್ಲ, ಸಾವಿರಾರು ಸಾಮಾನ್ಯ ಸೈನಿಕರೂ, ಗಾಡಿಯಲ್ಲಿ ಮದ್ದುಗುಂಡು ಹೊತ್ತ ಹಳ್ಳಿಯ ಹೆಂಗಸರೂ ಇದ್ದಾರೆ.

ಬಯಸಿದ್ದು ಬಂತು, ಬಯಸಿದ ರೀತಿಯಲ್ಲಿ ಬರಲಿಲ್ಲ

ಇನ್ನು ಸುಧಾರಣೆಗಳ ವಿಷಯ. 1925ರ ನವೆಂಬರಿನಲ್ಲಿ ಗಂಡಸರು ಫೆಝ್ ಟೋಪಿ ಬಿಟ್ಟು ಯುರೋಪಿಯನ್ ಹ್ಯಾಟ್ ಹಾಕಬೇಕೆಂಬ ಕಾಯಿದೆ ಬಂತು. ಅದನ್ನು ವಿರೋಧಿಸಿದವರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಅದೇ ತಿಂಗಳಲ್ಲಿ ಸೂಫಿ ಖಾನ್‌ಖಾಗಳನ್ನು ಮುಚ್ಚಲಾಯಿತು. ಐದು ವರ್ಷಗಳ ಹಿಂದೆ ಖಾಲಿದಾ ಅವರಿಗೆ ಆಶ್ರಯ ಕೊಟ್ಟದ್ದೂ ಇಂತಹ ಒಂದು ಖಾನ್‌ಖಾವೇ. 1926ರಲ್ಲಿ ಸ್ವಿಟ್ಝರ್ಲೆಂಡಿನ ಮಾದರಿಯ ನಾಗರಿಕ ಸಂಹಿತೆ ಜಾರಿಗೆ ಬಂದು ಬಹುಪತ್ನಿತ್ವ ನಿಷೇಧವಾಯಿತು. 1928ರಲ್ಲಿ ಅರಬಿ ಲಿಪಿ ಹೋಗಿ ಲ್ಯಾಟಿನ್ ಲಿಪಿ ಬಂತು. 1932ರಿಂದ ಅಝಾನ್ ಕೂಡ ತುರ್ಕಿ ಭಾಷೆಯಲ್ಲೇ ಕೊಡಬೇಕಾಯಿತು. 1950ರ ತನಕ ಹಾಗೆಯೇ ನಡೆಯಿತು. 1934ರ ಡಿಸೆಂಬರಿನಲ್ಲಿ ಮಹಿಳೆಯರಿಗೆ ಸಂಸತ್ತಿನ ಮತದಾನದ ಹಕ್ಕು ದೊರೆಯಿತು.

ಖಾಲಿದಾ ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಇಲ್ಲೇ ಅವರ ದೊಡ್ಡತನ ಇರುವುದು. ತಮ್ಮನ್ನು ಹೊರಗಿಟ್ಟ ಸರಕಾರ ಮಾಡಿದ್ದೆಲ್ಲ ಕೆಟ್ಟದ್ದು ಎಂದು ಅವರು ಹೇಳಲಿಲ್ಲ. ಹ್ಯಾಟಿನ ಕಾಯಿದೆ ಅವರ ದೃಷ್ಟಿಯಲ್ಲಿ ಬರಿಯ ತೋರಿಕೆಯದ್ದು; ಟೋಪಿ ಬದಲಾದರೆ ತಲೆಯೊಳಗಿನದು ಬದಲಾಗುವುದಿಲ್ಲ. ಕುಟುಂಬ ಕಾಯಿದೆಯನ್ನು ಮಾತ್ರ ಅವರು ನಿಜವಾದ ಸುಧಾರಣೆಯೆಂದು ಗೌರವಿಸಿದರು. 1910ರಲ್ಲಿ ಅವರ ಸಂಸಾರವನ್ನು ಮುರಿದ ಪದ್ಧತಿಯನ್ನೇ ಅದು ಕೊನೆಗೊಳಿಸಿತ್ತಲ್ಲವೇ? ಆ ಕಾಯಿದೆ ಜಾರಿಗೆ ಬಂದಾಗ ಅವರು ಪರದೇಶದಲ್ಲಿದ್ದರು. ಇಂತಹ ಬದಲಾವಣೆ ಒಬ್ಬ ನಾಯಕನ ಹುಕುಮಿನಿಂದ ಒಂದು ರಾತ್ರಿಯಲ್ಲಿ ಹುಟ್ಟಿದ್ದಲ್ಲ, ಅದರ ಹಿಂದೆ ಸುಮಾರು ನೂರು ವರ್ಷಗಳ ಶಿಕ್ಷಣ, ಚರ್ಚೆ, ಬರವಣಿಗೆ ಇದೆ ಎಂದು ಅವರು ವಾದಿಸಿದರು. ನೆಲ ಹದವಾಗಿದ್ದ ಕಡೆ ಬೀಜ ಮೊಳೆಯಿತು. ಹದವಾಗದ ಕಡೆ ಕೋವಿಯ ಕಾವಲು ಬೇಕಾಯಿತು.

ಧರ್ಮದ ವಿಷಯದಲ್ಲಿ ಅವರ ಟೀಕೆ ಇನ್ನೂ ಸೂಕ್ಷ್ಮವಾದದ್ದು. ಸರಕಾರ ಧರ್ಮದ ಹಿಡಿತದಿಂದ ಬಿಡಿಸಿಕೊಂಡಿತು, ಸರಿ. ಆದರೆ ಧರ್ಮವನ್ನು ತನ್ನ ಹಿಡಿತದಿಂದ ಬಿಡಲಿಲ್ಲ. ಇಮಾಮರನ್ನು ನೇಮಿಸುವುದು ಸರಕಾರ, ಮಸೀದಿಯ ಆಡಳಿತ ನೋಡುವುದೂ ಸರಕಾರದ ಇಲಾಖೆ. ರಾಜ್ಯ ಸ್ವತಂತ್ರವಾಗಬೇಕಾದರೆ ಧರ್ಮವೂ ಸ್ವತಂತ್ರವಾಗಬೇಕು, ಒಂದನ್ನು ಬಿಟ್ಟು ಇನ್ನೊಂದಿಲ್ಲ ಎಂಬುದು ಅವರ ನಿಲುವು.

ಮಹಿಳೆಯರ ವಿಷಯದಲ್ಲೂ ಇದೇ ಆಯಿತು. 1923ರಲ್ಲಿ ತುರ್ಕಿಯ ಮಹಿಳೆಯರು ತಮ್ಮದೇ ಪಕ್ಷ ಕಟ್ಟಲು ಹೊರಟಾಗ ಸರಕಾರ ಅನುಮತಿ ಕೊಡಲಿಲ್ಲ. ಅವರು ಪಕ್ಷದ ಬದಲು ಸಂಘ ಕಟ್ಟಿಕೊಂಡರು. 1935ರ ಫೆಬ್ರವರಿಯ ಚುನಾವಣೆಯಲ್ಲಿ 17 ಮಂದಿ ಮಹಿಳೆಯರು ಸಂಸತ್ತಿಗೆ ಬಂದರು. ಅದೇ ವರ್ಷದ ಮೇ ತಿಂಗಳಲ್ಲಿ ಆ ಮಹಿಳಾ ಸಂಘ, ಹಕ್ಕುಗಳೆಲ್ಲ ದೊರೆತವೆಂಬ ಕಾರಣ ಕೊಟ್ಟು, ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಹಕ್ಕು ಬಂತು, ಆದರೆ ಹಕ್ಕು ಕೇಳುವ ಸಂಘ ಹೋಯಿತು. ಸಂಸತ್ತಿನಲ್ಲಿದ್ದ ಪಕ್ಷವೂ ಒಂದೇ. ದಶಕಗಳ ಹಿಂದೆಯೇ ಈ ಹಕ್ಕುಗಳಿಗಾಗಿ ಬರೆದು ಬೆದರಿಕೆ ಎದುರಿಸಿದ್ದ ಖಾಲಿದಾ ಆ ಚುನಾವಣೆಯ ಹೊತ್ತಿನಲ್ಲಿ ಎಲ್ಲಿದ್ದರು? ನಮ್ಮ ದೇಶದಲ್ಲಿದ್ದರು.

ಭಾರತದಲ್ಲಿ

1912-13ರಲ್ಲಿ ಬಾಲ್ಕನ್ ಯುದ್ಧದ ಗಾಯಾಳುಗಳಿಗಾಗಿ ಭಾರತದಿಂದ ವೈದ್ಯಕೀಯ ತಂಡವೊಂದನ್ನು ತುರ್ಕಿಗೆ ಕರೆದೊಯ್ದವರು ಡಾ. ಮುಖ್ತಾರ್ ಅಹ್ಮದ್ ಅನ್ಸಾರಿ. ಅವರು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಮುಖ್ಯಸ್ಥರಾಗಿದ್ದಾಗ ಖಾಲಿದಾ ಅವರನ್ನು ಉಪನ್ಯಾಸಗಳಿಗೆ ಆಹ್ವಾನಿಸಿದರು. 1935ರ ಆರಂಭದಲ್ಲಿ ಖಾಲಿದಾ ದಿಲ್ಲಿಗೆ ಬಂದು ಅನ್ಸಾರಿ ಅವರ ಮನೆಯಲ್ಲಿ ಅತಿಥಿಯಾಗಿ ತಂಗಿದರು. ತುರ್ಕಿಯಲ್ಲಿ ಪೂರ್ವ ಪಶ್ಚಿಮಗಳ ಸಂಘರ್ಷದ ಬಗ್ಗೆ ಅವರು ಕೊಟ್ಟ ಉಪನ್ಯಾಸಗಳಿಗೆ ಗಾಂಧೀಜಿಯೂ ಬಂದಿದ್ದರು. ನಂತರ ಅಲಿಗಢ, ಲಾಹೋರ್, ಪೇಶಾವರ, ಲಕ್ನೋ, ಕಲ್ಕತ್ತ, ಹೈದರಾಬಾದ್, ಬೊಂಬಾಯಿಗಳನ್ನು ಸುತ್ತಿದರು. ಆ ಪ್ರವಾಸದ ಅನುಭವವನ್ನು 1937ರಲ್ಲಿ ಒಂದು ಗ್ರಂಥವಾಗಿ ಪ್ರಕಟಿಸಿದರು.

ಸರಕಾರದ ಹಣವಿಲ್ಲದೆ, ಕಡಿಮೆ ಸಂಬಳಕ್ಕೆ ದುಡಿಯುವ ಅಧ್ಯಾಪಕರಿಂದ ನಡೆಯುತ್ತಿದ್ದ ಜಾಮಿಯಾ ಅವರ ಮನಸ್ಸನ್ನು ಗೆದ್ದಿತು. ಗಾಂಧೀಜಿ ಅವರ ಮನಸ್ಸಿಗೆ ಹಿಡಿಸಿದ್ದೂ ಸಹಜವೇ. ದಂಡವಿಲ್ಲದೆ, ಸೇನೆಯಿಲ್ಲದೆ, ಕೋಟ್ಯಂತರ ಜನರ ಮನವೊಲಿಸಿ ಸಮಾಜವನ್ನು ಬದಲಿಸಲು ಹೊರಟ ಒಬ್ಬ ವ್ಯಕ್ತಿಯನ್ನು ಅವರು ಇಲ್ಲಿ ಕಂಡರು.

ಮರಳಿ ತಾಯ್ನಾಡಿಗೆ

1938ರ ನವೆಂಬರ್ 10ರಂದು ಕಮಾಲ್ ಪಾಷಾ ನಿಧನರಾದರು. 1939ರಲ್ಲಿ ಖಾಲಿದಾ ದಂಪತಿ ತುರ್ಕಿಗೆ ಮರಳಿದರು. ಸೇಡು ತೀರಿಸಲಲ್ಲ, ಪಾಠ ಹೇಳಲು. 1940ರಲ್ಲಿ ಅವರು ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾದರು. ಷೇಕ್ಸ್‌ಪಿಯರನ ನಾಟಕಗಳ ಅನುವಾದದಲ್ಲಿ ತೊಡಗಿದರು. ಅದ್ನಾನ್ ಅವರು ಇಸ್ಲಾಂ ವಿಶ್ವಕೋಶದ ತುರ್ಕಿ ಆವೃತ್ತಿಯ ಸಂಪಾದನೆಯ ಹೊಣೆ ಹೊತ್ತರು. 1950ರಲ್ಲಿ ಏಕಪಕ್ಷ ಆಡಳಿತ ಮತದಾನದ ಮೂಲಕ ಕೊನೆಗೊಂಡಾಗ ಖಾಲಿದಾ ಇಝ್ಮೀರ್‌ನಿಂದ ಸಂಸತ್ತಿಗೆ ಆರಿಸಿ ಬಂದರು. 1919ರಲ್ಲಿ ಯಾವ ನಗರಕ್ಕಾಗಿ ಮೈದಾನದಲ್ಲಿ ನಿಂತು ಕೂಗಿದ್ದರೋ ಅದೇ ನಗರ ಅವರನ್ನು ಕಳುಹಿಸಿತು. ಆದರೆ ಹೊಸ ಆಡಳಿತದ ರೀತಿಯೂ ಅವರಿಗೆ ತೃಪ್ತಿ ಕೊಡಲಿಲ್ಲ. 1954ರಲ್ಲಿ ಪತ್ರಿಕೆಯಲ್ಲೇ ವಿದಾಯ ಬರೆದು ರಾಜಕೀಯದಿಂದ ದೂರ ಸರಿದರು.

1955ರಲ್ಲಿ ಪತಿ ತೀರಿಕೊಂಡರು. 1928ರಲ್ಲಿ ಇಂಗ್ಲಿಷಿನಲ್ಲಿ ಬಂದಿದ್ದ ಅವರ ಹೋರಾಟದ ಕಥನ ತುರ್ಕಿ ಭಾಷೆಯಲ್ಲಿ ಪುಸ್ತಕವಾಗಿ ಬಂದದ್ದು 1962ರಲ್ಲಿ, ಅದೂ ಕೆಲವು ಕಟು ಮಾತುಗಳನ್ನು ತಿಳಿಗೊಳಿಸಿದ ಬಳಿಕ. 1964ರ ಜನವರಿ 9ರಂದು ಖಾಲಿದಾ ಇಸ್ತಾಂಬುಲಿನಲ್ಲಿ ಕೊನೆಯುಸಿರೆಳೆದರು.

ನಮಗೇನು ಪಾಠ?

ಪ್ರಿಯ ವಿದ್ಯಾರ್ಥಿಗಳೇ, ಖಾಲಿದಾ ಅವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕಾಗಿಲ್ಲ. ಅವರಿಂದ ತಪ್ಪುಗಳೂ ಆಗಿವೆ. ಆದರೆ ಅವರ ಜೀವನ ನಮ್ಮ ಮುಂದೆ ಒಂದು ಪ್ರಶ್ನೆಯನ್ನು ಇಡುತ್ತದೆ. ಒಳ್ಳೆಯ ಕೆಲಸವನ್ನು ಬಲವಂತದಿಂದ ಮಾಡಿಸಬಹುದೇ? ಸಮಾಜ ಬೇಗ ಬದಲಾಗಬೇಕು ಎಂಬ ಅವಸರ ಇರುವವರಿಗೆ ಹುಕುಂ ಸುಲಭವಾದ ದಾರಿಯಾಗಿ ಕಾಣುತ್ತದೆ. ಆ ದಾರಿಯಲ್ಲಿ ಕಾಯಿದೆ ಬೇಗ ಬರುತ್ತದೆ, ನಿಜ. ಅದರ ಜೊತೆಗೆ ಭಯವೂ ಬರುತ್ತದೆ. ಭಯ ಬಂದ ಮೇಲೆ ಪ್ರಶ್ನೆ ಕೇಳುವವರು ಮೊದಲು ಹೊರಗೆ ಹೋಗುತ್ತಾರೆ, ಮತ್ತು ಅವರಲ್ಲಿ ಎಷ್ಟೋ ಮಂದಿ ಆ ಸುಧಾರಣೆಯನ್ನು ಎಲ್ಲರಿಗಿಂತ ಮೊದಲೇ ಬಯಸಿದವರಾಗಿರುತ್ತಾರೆ.

ಶಿಕ್ಷಣ ಸಂಸ್ಥೆಗಳನ್ನು ನಡೆಸುವ ನಮ್ಮಂತಹವರಿಗೂ ಇದು ಸಲ್ಲುವ ಮಾತು. ಹೆಣ್ಣು ಮಕ್ಕಳನ್ನು ಓದಿಸಬೇಕೆಂದು ವೇದಿಕೆಯಿಂದ ಹೇಳುವುದು ಸುಲಭ. ಒಂದೊಂದು ಮನೆಗೆ ಹೋಗಿ ತಾಯಿಯ ಸಂಶಯವನ್ನು ಕೇಳುವುದು, ತಂದೆಯ ಭಯವನ್ನು ನೀಗಿಸುವುದು, ಆ ಹುಡುಗಿಗೆ ಏನು ಬೇಕೆಂದು ಅವಳನ್ನೇ ಕೇಳುವುದು ಕಷ್ಟ. ಕಾರ್ಪೊರಲ್ ಹುದ್ದೆಯ ಗೌರವ ಪಡೆದ ಈ ಮಹಿಳೆ ಯುದ್ಧ ಮುಗಿದ ಮೇಲೆ ಕೊನೆಯವರೆಗೆ ಹಿಡಿದದ್ದು ಲೇಖನಿಯನ್ನೂ ಪಾಠದ ಪುಸ್ತಕವನ್ನೂ. ಮನವೊಲಿಸುವ ಆ ನಿಧಾನದ ದಾರಿಯಲ್ಲಿ ಗೆದ್ದದ್ದು ಮಾತ್ರ ಮುಂದಿನ ತಲೆಮಾರಿಗೂ ಉಳಿಯುತ್ತದೆ.